ಓದಿ ಹೇಳಿರಿ, ಓದುತ್ತ ಕೇಳಿರಿ



ಶ್ರವಣ ನಕ್ಷತ್ರದಿಂದ ಹೆಸರು ಪಡೆದ ಈ ಶ್ರಾವಣ ಮಾಸವನ್ನು ನಮ್ಮ ಹಿರಿಯರು ಶ್ರವಣಕ್ಕೇ ಮೀಸಲಿಟ್ಟರು. ಈ ತಿಂಗಳು ಮಠದಲ್ಲಿ ನಿತ್ಯವೂ ಪುರಾಣ ನಡೆಯುತ್ತದೆ. ಒಬ್ಬರು ಪದ್ಯವನ್ನು ಓದುತ್ತಾರೆ, ಇನ್ನೊಬ್ಬರು ಅದರ ಅರ್ಥವನ್ನು ಬಿಡಿಸಿ ಹೇಳುತ್ತಾರೆ. ಪದ್ಯವನ್ನಷ್ಟೇ ಓದಿ ಎದ್ದುಹೋದರೆ ನೀವು ಒಪ್ಪುವಿರಾ? ಒಪ್ಪಲಾರಿರಿ. ಬೆಳೆದವರಾದ ನಮಗೇ ಅರ್ಥ ಹೇಳುವವರು ಬೇಕು. ಆದರೆ ಎಳೆಯ ಮಗು ಪುಸ್ತಕ ಹಿಡಿದಾಗ ಮಾತ್ರ "ಗಟ್ಟಿಯಾಗಿ ಓದು" ಎಂದು ಹೇಳಿ, ನಮ್ಮ ಕರ್ತವ್ಯ ಮುಗಿಯಿತೆಂದು ಸುಮ್ಮನಾಗುತ್ತೇವೆ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ಮಠದ ಪ್ರಸಾದನಿಲಯದ ಮಕ್ಕಳಲ್ಲಿ ತಡವರಿಸದೆ ವೇಗವಾಗಿ ಓದಿದವರಿಗೆ ನಾವು ಹಲವು ವರ್ಷ ಬಹುಮಾನ ಕೊಡುತ್ತ ಬಂದೆವು. ಒಂದು ಸಂಜೆ ಮೂರನೆಯ ಇಯತ್ತೆಯ ಹುಡುಗನೊಬ್ಬ ಪಂಚತಂತ್ರದ ಮಂಗ ಮತ್ತು ಮೊಸಳೆಯ ಕಥೆಯನ್ನು ಹೊಳೆಯ ನೀರಿನಂತೆ ಓದಿ ಮುಗಿಸಿದ. ಮೊಸಳೆಯ ಹೆಂಡತಿ ಮಂಗನ ಹೃದಯವನ್ನು ಬೇಡುವ ಕಥೆ ಅದು. "ತಮ್ಮಾ, ಹೃದಯ ಅಂದರ ಏನಪಾ?" ಎಂದೆವು. ಹುಡುಗ ಪುಸ್ತಕ ನೋಡಿದ, ನಮ್ಮ ಮುಖ ನೋಡಿದ. "ಗೊತ್ತಿಲ್ರೀ ಅಜ್ಜಾರ" ಎಂದ. ಆ ಕಠಿಣವಾದ ಅಕ್ಷರವನ್ನು ಪ್ರತಿಸಲವೂ ಶುದ್ಧವಾಗಿ ಉಚ್ಚರಿಸಿದವನಿಗೆ, ಆ ವಸ್ತು ತನ್ನ ಎದೆಯೊಳಗೇ ಬಡಿಯುತ್ತಿದೆಯೆಂಬುದು ತಿಳಿದಿರಲಿಲ್ಲ! ತಪ್ಪು ಅವನದಲ್ಲ. ನಾಲಗೆಯ ವೇಗವನ್ನು ಅಳೆದು, ಅರ್ಥವನ್ನು ಕೇಳದೆ ಬಿಟ್ಟ ನಮ್ಮದು.

ನಾವೂ ಹಾಗೆಯೇ ಬೆಳೆದವರು. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದೆವು. ಅದರ ಅರ್ಥ ಎಷ್ಟೋ ವರ್ಷಗಳ ಮೇಲೆ, ಕಾವ್ಯಗಳನ್ನು ಓದುವಾಗ ತೆರೆಯಿತು. ಕಂಠಪಾಠವನ್ನು ನಾವು ನಿಂದಿಸುವುದಿಲ್ಲ. ಆದರೆ ಅರ್ಥವರಿಯದ ಪಾಠವನ್ನು ಯಾಸ್ಕಮುನಿಗಳೇ ನಿರುಕ್ತದಲ್ಲಿ ಆಕ್ಷೇಪಿಸಿದ್ದಾರೆಂಬುದನ್ನು ಮರೆಯಬಾರದು.

ನಮ್ಮ ಲಿಪಿಯ ಹಿರಿಮೆಯೇ ಇಲ್ಲಿ ಒಂದು ಭ್ರಮೆಗೂ ಎಡೆಗೊಡುತ್ತದೆ. ಕನ್ನಡವು ಬರೆದಂತೆ ಓದುವ ಭಾಷೆ. ಕಾಗುಣಿತ, ಒತ್ತಕ್ಷರಗಳು ವಶವಾದರೆ ಮಗು ಯಾವ ಪುಸ್ತಕವನ್ನಾದರೂ ಓದಿಬಿಡುತ್ತದೆ. ಅದಕ್ಕೆ ತಿಳಿದಿದೆಯೆಂದು ನಾವು ನಂಬುತ್ತೇವೆ. ಪುಸ್ತಕದ ಕನ್ನಡ ಬೇರೆ, ಅಡುಗೆಮನೆಯ ಕನ್ನಡ ಬೇರೆ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವಿಗೆ ಈ ದೂರ ಇನ್ನೂ ಹೆಚ್ಚು. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು, ಅಕ್ಷರ ಬಿಡಿಸುವ ಶಕ್ತಿ ಮತ್ತು ಕೇಳಿದ ಮಾತನ್ನು ಗ್ರಹಿಸುವ ಶಕ್ತಿ, ಇವೆರಡರ ಗುಣಾಕಾರವೇ ಅರ್ಥವತ್ತಾದ ಓದು ಎಂದರು. ಗುಣಾಕಾರದಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಜೋಡೆತ್ತಿನಲ್ಲಿ ಒಂದು ಮಲಗಿದರೆ ಬಂಡಿ ಸಾಗೀತೆ?

ಹಾಗಾದರೆ ಆ ಎರಡನೆಯ ಎತ್ತನ್ನು ಎಬ್ಬಿಸುವ ಬಗೆ ಯಾವುದು? ಮಗುವಿಗೆ ನಾವು ಓದಿ ಹೇಳಬೇಕು, ಓದುತ್ತ ಕೇಳಬೇಕು. ಕನ್ನಡದಲ್ಲಿ 'ಕೇಳು' ಎಂಬ ಒಂದೇ ಮಾತಿಗೆ ಪ್ರಶ್ನಿಸು ಎಂದೂ ಆಲಿಸು ಎಂದೂ ಎರಡರ್ಥ. ಈ ಪದ್ಧತಿಯ ಗುಟ್ಟೆಲ್ಲ ಆ ಒಂದು ಮಾತಿನಲ್ಲಿದೆ. 1988ರಲ್ಲಿ ಅಮೆರಿಕದ ವೈಟ್‌ಹರ್ಸ್ಟ್ ಮತ್ತು ಅವರ ಸಂಗಡಿಗರು ಎರಡು ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಗಳಿಗೆ ಹೀಗೆ ಓದುವುದನ್ನು ಕಲಿಸಿ, ಒಂದು ತಿಂಗಳು ನೋಡಿದರು. ಪ್ರಶ್ನೆ ಕೇಳುತ್ತ ಓದಿದ ಮನೆಯ ಮಕ್ಕಳು, ಎಂದಿನಂತೆ ಓದಿ ಹೇಳಿಸಿಕೊಂಡ ಮಕ್ಕಳಿಗಿಂತ ಮಾತಿನಲ್ಲಿ ಮುಂದಾದರು.

ಈಗ ನಮ್ಮ ನಿಲಯದಲ್ಲಿಯೂ ಸಂಜೆಯ ಪ್ರಾರ್ಥನೆಯ ತರುವಾಯ ಇದೇ ಕ್ರಮ. ಓದುವವರು ಕಥೆಯನ್ನು ಮೊದಲೇ ಓದಿಕೊಂಡು, ನಿಲ್ಲಬೇಕಾದ ಮೂರುನಾಲ್ಕು ಸ್ಥಳಗಳನ್ನು ಗುರುತಿಸಿರುತ್ತಾರೆ. ಚಿತ್ರ ತೋರಿಸಿ, "ಮುಂದೆ ಏನಾದೀತು?" ಎಂದು ಕೇಳುತ್ತಾರೆ. ಹೊಸ ಮಾತು ಬಂದರೆ ಮನೆಯ ಮಾತಿನಲ್ಲಿ ತಿಳಿಸುತ್ತಾರೆ. ಹೃದಯವೆಂದಾಗ ಮಗುವಿನ ಕೈಯನ್ನು ಅದರ ಎದೆಯ ಮೇಲೆಯೇ ಇಡಿಸುತ್ತಾರೆ. "ಮಂಗ ಎಲ್ಲಿ ವಾಸವಾಗಿತ್ತು?" ಎಂಬುದಕ್ಕೆ ಉತ್ತರ ಸಾಲಿನಲ್ಲಿಯೇ ಇದೆ. "ಹೃದಯವನ್ನು ಮರದ ಮೇಲೆ ಬಿಟ್ಟು ಬಂದೆನೆಂದು ಮಂಗ ಏಕೆ ಹೇಳಿತು?" ಎಂಬುದಕ್ಕೆ ಉತ್ತರ ಸಾಲಿನಲ್ಲಿಲ್ಲ, ಮಗು ತನ್ನೊಳಗೆ ಹುಡುಕಬೇಕು. ಅಷ್ಟು ಹೊತ್ತು ನಾವು ಬಾಯಿ ಮುಚ್ಚಿಕೊಂಡಿರಬೇಕು. ಇದೇ ಕಠಿಣವಾದ ತಪಸ್ಸು! ಮಗು ಒಂದು ಮಾತು ಹೇಳಿದರೆ ಅದನ್ನು ಒಪ್ಪಿ, ಎರಡು ಮಾತು ಕೂಡಿಸಿ, ಮತ್ತೆ ಅದರ ಬಾಯಿಂದಲೇ ಹೇಳಿಸಬೇಕು. ತಪ್ಪಿದರೆ ಗದರಿಸದೆ, "ಮತ್ತೊಮ್ಮೆ ನೋಡೋಣ" ಎಂದು ಪುಟಕ್ಕೆ ಮರಳಬೇಕು.

ಕೆಲವು ತಿಂಗಳ ಮೇಲೆ ಅದೇ ಕಥೆ ಬಂದಿತು, ಅದೇ ಪ್ರಶ್ನೆಯೂ ಬಂದಿತು. ಅದೇ ಹುಡುಗ ಎದ್ದು ನಿಂತ. "ಹೃದಯ ಗಿಡದ ಮ್ಯಾಲೆ ಇಡಾಕ ಬರೂದಿಲ್ರೀ ಅಜ್ಜಾರ. ಮೊಸಳಿಗೆ ಅದು ಗೊತ್ತಿದ್ದಿಲ್ಲ, ನನ್ನಂಗ" ಎಂದ. ಮಕ್ಕಳೆಲ್ಲ ನಕ್ಕರು, ಅವನೂ ನಕ್ಕ. ನಮ್ಮ ಕಣ್ಣು ತೇವವಾದವು. ಆ ವರ್ಷದ ಬಹುಮಾನ ಅವನಿಗೇ ಸಂದಿತು.

ಕೇಳಿ ತಿಳಿಯುವುದು ನಮಗೆ ಹೊಸದಲ್ಲ. ಶೂನ್ಯಸಂಪಾದನೆಯು ಶರಣರ ಸಂವಾದವಾಗಿಯೇ ರಚಿತವಾಗಿದೆ. 2021ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ನಿಪುಣ್ ಭಾರತ ಯೋಜನೆಯೂ ಮೂರನೆಯ ತರಗತಿ ಮುಗಿಯುವುದರೊಳಗೆ ಮಗು ಅರ್ಥವರಿತು ಓದಬೇಕೆಂಬುದನ್ನೇ ಗುರಿಯಾಗಿಟ್ಟಿತು. ಆ ವಯಸ್ಸು ದಾಟಿದ ಮೇಲೆ ಎಲ್ಲ ವಿಷಯವನ್ನೂ ಓದಿಯೇ ಕಲಿಯಬೇಕಾಗುತ್ತದೆ. ಅರ್ಥವಾಗದ ಮಗು "ನಾನು ದಡ್ಡ" ಎಂದುಕೊಂಡು ಹಿಂದಿನ ಸಾಲಿಗೆ ಸರಿಯುತ್ತದೆ. ಆಮೇಲೆ ಶಾಲೆಯನ್ನೇ ಬಿಡುತ್ತದೆ.

"ನಮಗ ಓದಾಕ ಬರೂದಿಲ್ಲ, ನಾವೇನು ಮಾಡೂಣ್ರಿ?" ಎಂದು ಕೆಲವು ತಾಯಂದಿರು ಕೇಳುತ್ತಾರೆ. ತಾಯಿ, ಮಗುವಿನ ಕೈಯಲ್ಲಿ ಓದಿಸು. ರೊಟ್ಟಿ ತಟ್ಟುತ್ತಲೇ "ಯಾಕ ಹಂಗ ಮಾಡಿತು? ನೀ ಆಗಿದ್ದರ ಏನು ಮಾಡ್ತಿದ್ದಿ?" ಎಂದು ಕೇಳು. ಅಕ್ಷರ ಮಗುವಿನದಾಗಲಿ, ಪ್ರಶ್ನೆ ನಿನ್ನದಾಗಲಿ. ಇಂದಿನಿಂದ ಪ್ರತಿಮನೆಯಲ್ಲಿ ದಿನಕ್ಕೆ ಅರ್ಧ ತಾಸು ಈ ಸೇವೆ ನಡೆಯಲಿ ಎಂದು ಆಶಿಸಿ, ನಮ್ಮ ಮಾತಿಗೆ ಮಂಗಳ ಹೇಳುತ್ತೇವೆ.