ಬೆಟ್ಟದ ಮರವೂ ಮಳೆಯ ನೀರೂ
(ಬನವಾಸಿಯಲ್ಲಿ ರೈತರೆದುರು ಮಾಡಿದ ಭಾಷಣ)



ಸೊಪ್ಪಿನ ಬೆಟ್ಟದ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಒಂದೆಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತು ಕೊಟ್ಟದ್ದೇ ಸೊಪ್ಪಿಗಾಗಿ, ದರಕಿಗಾಗಿ. ಆದರೆ ಮರ ಗೊಬ್ಬರ ಕೊಡುವುದು ಸೊಪ್ಪಿನಿಂದ ಮಾತ್ರವಲ್ಲ. ಮಳೆಯ ನೀರಿನೊಡನೆಯೂ ಕೊಡುತ್ತದೆ.

ಮಳೆ ಬರುವಾಗ ಮತ್ತಿ ಮರದ ಬುಡದಲ್ಲಿ ನಿಂತು ನೋಡಿರಿ. ತುಂತುರು ಮಳೆಯಾದರೆ ನೆಲಕ್ಕೆ ಮುಟ್ಟುವುದೇ ಇಲ್ಲ. ಎಲೆ ತೋಯ್ದು ಅಲ್ಲಿಯೇ ಆರಿಹೋಗುತ್ತದೆ. ಜೋರು ಮಳೆಯಲ್ಲಿ ಹೆಚ್ಚಿನ ನೀರು ಎಲೆಯಿಂದ ತೊಟ್ಟಿಕ್ಕುತ್ತದೆ, ಸ್ವಲ್ಪ ಕಾಂಡದ ಗುಂಟ ಇಳಿಯುತ್ತದೆ. ಒಂದು ಪಾತ್ರೆ ಮರದಡಿ, ಇನ್ನೊಂದು ಬಯಲಿನಲ್ಲಿ ಇಟ್ಟರೆ ಎರಡು ನೀರಿಗೂ ಬಣ್ಣದಲ್ಲೇ ವ್ಯತ್ಯಾಸ ಕಾಣುವುದುಂಟು. ಮರದಡಿಯ ನೀರಿನಲ್ಲಿ ಎಲೆಯ ಮೇಲಿನ ಧೂಳಿದೆ, ಎಲೆಯೊಳಗಿನ ಪೊಟ್ಯಾಷ್ ಇದೆ. ಸಾರಜನಕದ ಬಹುಪಾಲು ಎಲೆಯಲ್ಲಿ ಕಟ್ಟುಬಿದ್ದಿರುತ್ತದೆ, ಎಲೆ ಕೊಳೆತ ಮೇಲೆಯೇ ಬಿಡುಗಡೆ. ಪೊಟ್ಯಾಷ್ ಹಾಗಲ್ಲ, ಉಪ್ಪಿನಂತೆ ನೀರಿಗೆ ಕರಗಿ ಬರುತ್ತದೆ. ಹಿಮಾಲಯದ ಓಕ್ ಕಾಡಿನಲ್ಲಾಗಲಿ ನಮ್ಮ ಮತ್ತಿ, ಕವಲು ಮರಗಳಲ್ಲಾಗಲಿ ಕ್ರಮ ಇದೇ.

ಇದರಿಂದ ನಮಗೇನು ಎಂದು ಕೇಳಬಹುದು. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ ಶಿಫಾರಸು ಮಾಡಿದ್ದು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಹೆಚ್ಚು ಬೇಕಾದದ್ದೇ ಮಳೆಗೆ ಮೊದಲು ಓಡಿಹೋಗುವಂಥದು! ಕಡಿದ ಸೊಪ್ಪನ್ನೂ ಕೊಟ್ಟಿಗೆ ಗೊಬ್ಬರವನ್ನೂ ಮಳೆಗೆ ಒಡ್ಡಿ ರಾಶಿ ಹಾಕಿದರೆ ಕೆಳಗೆ ಕಂದು ನೀರು ಹರಿಯುತ್ತದಲ್ಲ, ಅದರೊಡನೆ ಹೋಗುವುದು ನಿಮ್ಮ ಪೊಟ್ಯಾಷೇ. ಗೊಬ್ಬರದ ಗುಂಡಿಗೆ ಸೋಗೆಯ ಮಾಡು ಹಾಕಿರಿ. ಖರ್ಚು ದೊಡ್ಡದಲ್ಲ.

ಇನ್ನು ದರಕಿನ ಮಾತು. ಮರವಿದ್ದರೆ ಮಣ್ಣು ಕೊಚ್ಚಿಹೋಗದು ಎಂದು ನಂಬಿದವರು ಬಹಳ. ಪೂರ್ತಿ ನಿಜವಲ್ಲ. ಎಲೆಯ ತುದಿಯಲ್ಲಿ ಕೂಡಿಕೊಂಡ ಹನಿ ದಪ್ಪನಾಗುತ್ತದೆ. ಎತ್ತರದ ಮರದಿಂದ ಬೀಳುವಾಗ ಬರಿ ನೆಲವನ್ನು ಬಯಲ ಮಳೆಗಿಂತ ಜೋರಾಗಿ ಹೊಡೆಯಬಲ್ಲದು. ಒಂದಂಗುಲ ಮಳೆಯೆಂದರೆ ಎಕರೆಗೆ ಲಕ್ಷ ಲೀಟರಿಗೂ ಮಿಗಿಲು ನೀರು. ಆ ಪೆಟ್ಟು ತಾಳುವುದು, ಸಾರದ ನೀರನ್ನು ತಡೆದು ಮಣ್ಣಿಗಿಳಿಸುವುದು ನೆಲದ ಮೇಲಿನ ದರಕು. ಅದನ್ನು ಹಿಡಿ ಉಳಿಯದಂತೆ ಗುಡಿಸಿದರೆ ಮಳೆ ತಂದ ಗೊಬ್ಬರ ಹಳ್ಳ ಸೇರಿ ವರದೆಗೆ ಹೋಗುತ್ತದೆ, ಮಣ್ಣೂ ಹಿಂದೆಯೇ. ಮುಂದೆ ಸೊಪ್ಪು ಕಡಿಮೆಯಾದಾಗ ಮರವನ್ನು ದೂರಿ ಫಲವಿಲ್ಲ.

ತೋಟಕ್ಕೆ ದರಕು ಬೇಕೇ ಬೇಕು, ಗುಡಿಸಬೇಡಿರೆಂದು ಹೇಳಲಾರೆ. ಬೆಟ್ಟವನ್ನು ಪಾಲು ಮಾಡಿಕೊಂಡು ಒಂದು ವರ್ಷ ಒಂದು ಕಡೆ, ಮರುವರ್ಷ ಇನ್ನೊಂದು ಕಡೆ ಗುಡಿಸಿರಿ. ಇಳಿಜಾರು ಕಡಿದಾದಲ್ಲಿ ಮಾತ್ರ ಕೈ ಹಚ್ಚಬೇಡಿರಿ. ಸೊಪ್ಪು ಕಡಿಯುವಾಗ ತುದಿಯ ಕೊಂಬೆಗಳನ್ನು ಬಿಡಿರಿ.