‘ಸಂಪರ್ಕ ಸರಿಯಿದೆ’ ಎಂಬ ದಾಖಲೆಯನ್ನು ನಂಬುವ ಮುನ್ನ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣ)



ಬಾಪೂಜಿ ಸೇವಾ ಕೇಂದ್ರದಲ್ಲಿ ‘ಇಂದು ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ’ ಎಂದು ಕೇಳಿಸಿಕೊಂಡು ಹಿಂದಿರುಗುವವರು ಅಂದಿನ ಕೂಲಿಯನ್ನೂ ಕಳೆದುಕೊಂಡಿರುತ್ತಾರೆ. ಆದ್ದರಿಂದ ನಮ್ಮ ಕಚೇರಿಯ ಗಣಕಯಂತ್ರದಲ್ಲಿ 5 ನಿಮಿಷಕ್ಕೊಮ್ಮೆ ಸಂಪರ್ಕವನ್ನು ಪರೀಕ್ಷಿಸಿ ದಾಖಲಿಸುವ ಪುಟ್ಟ ಸ್ಕ್ರಿಪ್ಟ್ ಒಂದನ್ನು ಪೈಥಾನ್ ಭಾಷೆಯಲ್ಲಿ ನಾನೇ ಬರೆದೆನು. ಮುಂದೊಮ್ಮೆ ಎರಡು ದಿನ ಸಂಪರ್ಕ ಕಡಿದಿತ್ತು. ದೂರಿನೊಂದಿಗೆ ಲಗತ್ತಿಸಲು ದಾಖಲೆಯನ್ನು ತೆರೆದರೆ ಪ್ರತಿ ಸಾಲಿನಲ್ಲಿಯೂ ‘ಸರಿಯಿದೆ’ ಎಂದೇ ಇತ್ತು! ನಮ್ಮ ದಾಖಲೆಯೇ ನಮ್ಮ ದೂರನ್ನು ಸುಳ್ಳಾಗಿಸಿತು. ತಪ್ಪು ನನ್ನದಾಗಿತ್ತು.

1983ರಲ್ಲಿ ಅಮೆರಿಕದ ಮೈಕ್ ಮೂಸ್ ರಚಿಸಿದ ‘ಪಿಂಗ್’, ದೂರದ ಯಂತ್ರವನ್ನು ಕೂಗಿ ಮರುದನಿಗಾಗಿ ಕಾಯುವ ಸಾಧನ. ಅದು ಕೊನೆಯಲ್ಲಿ 0 ಎಂಬ ಸಂಕೇತ ನೀಡಿದರೆ ಸಂಪರ್ಕವಿದೆಯೆಂದು ನನ್ನ ಸ್ಕ್ರಿಪ್ಟ್ ಭಾವಿಸುತ್ತಿತ್ತು. ಆದರೆ ಕೇಬಲ್ ಕಡಿದಾಗ ನಮ್ಮದೇ ರೂಟರ್ ‘ಆ ವಿಳಾಸವನ್ನು ತಲುಪಲಾಗದು’ ಎಂದು ತಿಳಿಸುತ್ತಿತ್ತು. ವಿಂಡೋಸ್‌ನ ಪಿಂಗ್ ಅದನ್ನೂ ಉತ್ತರವೆಂದೇ ಎಣಿಸಿ 0 ನೀಡುತ್ತದೆ. ವಿಳಾಸದಾರರಿಲ್ಲವೆಂದು ಅಂಚೆಯಣ್ಣ ಮರಳಿಸಿದ ಕಾಗದವನ್ನೇ ಜವಾಬೆಂದು ತಿಳಿದಂತಾಯಿತು. ನಿಜವಾದ ಉತ್ತರದ ಸಾಲಿನಲ್ಲಿ ‘ಟಿಟಿಎಲ್’ ಎಂಬ ಅಕ್ಷರಗಳಿರುತ್ತವೆ. ಈಗ ಅವನ್ನು ಹುಡುಕಿಯೇ ದಾಖಲಿಸಲಾಗುತ್ತಿದೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಭದ್ರತೆಗಾಗಿ ಅನೇಕ ಸರ್ವರ್‌ಗಳು ಪಿಂಗ್‌ಗೆ ಉತ್ತರಿಸುವುದೇ ಇಲ್ಲ. ಆದ್ದರಿಂದ ಪರೀಕ್ಷೆಯು ಈ ಕ್ರಮದಲ್ಲಿರಲಿ:

1. ಕಚೇರಿಯ ರೂಟರ್ ಉತ್ತರಿಸದಿದ್ದರೆ ದೋಷ ನಮ್ಮಲ್ಲಿಯೇ ಇದೆ. ವಿದ್ಯುತ್ತನ್ನೂ ತಂತಿಯನ್ನೂ ನೋಡಬೇಕು.
2. ಹೊರಗಿನ 8.8.8.8 ಎಂಬ ಅಂಕಿ ವಿಳಾಸ ಉತ್ತರಿಸದಿದ್ದರೆ ಸಂಪರ್ಕ ಒದಗಿಸುವವರಿಗೆ ದೂರು ನೀಡಬೇಕು.
3. ಅಂಕಿಗೆ ಉತ್ತರ ಬಂದು, ಜಾಲತಾಣದ ಹೆಸರು ಮಾತ್ರ ಸಿಗದಿದ್ದರೆ ಡಿಎನ್‌ಎಸ್ ವ್ಯವಸ್ಥೆಯನ್ನು ಪರಿಶೀಲಿಸಬೇಕು.
4. ಇವೆಲ್ಲವೂ ಸರಿಯಿದ್ದು, ಸೇವೆಯ ಜಾಲತಾಣದ 443ನೇ ಪೋರ್ಟ್ ಮಾತ್ರ ತೆರೆಯದಿದ್ದರೆ ಆ ಸೇವೆಯ ಸಹಾಯವಾಣಿಗೆ ತಿಳಿಸಬೇಕು.

ಪ್ರತಿ ಹಂತಕ್ಕೂ 5 ಸೆಕೆಂಡುಗಳ ಕಾಲಮಿತಿ ಅಗತ್ಯ. ಇಲ್ಲವಾದರೆ ಸ್ಕ್ರಿಪ್ಟ್ ಕಾಯುತ್ತಲೇ ನಿಂತುಬಿಡಬಹುದು. ಹೊಸ ಸ್ಕ್ರಿಪ್ಟನ್ನು ಬಳಕೆಗೆ ತರುವ ಮುನ್ನ ರೂಟರಿನಿಂದ ಹೊರಹೋಗುವ ಕೇಬಲನ್ನು ಕೈಯಾರೆ ಬಿಚ್ಚಿ, ದಾಖಲೆಯಲ್ಲಿ ‘ಇಲ್ಲ’ ಎಂದು ಬರುವುದೇ ಎಂದು ನೋಡಬೇಕು. ಆ ಒಂದು ಪರೀಕ್ಷೆಯನ್ನು ನಾನು ಮಾಡಿರಲಿಲ್ಲ.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ: ಮಾಸಿಕ ಸಭೆಯಲ್ಲಿ ಈ ದಾಖಲೆಯನ್ನು ಕೇಳಿ ಪಡೆಯಿರಿ. ಯಾವ ದಿನ, ಎಷ್ಟು ಹೊತ್ತು, ಯಾವ ಹಂತದಲ್ಲಿ ಸಂಪರ್ಕ ಕಡಿಯಿತೆಂದು ಬರೆದ ದೂರನ್ನು ಸುಲಭವಾಗಿ ತಳ್ಳಿಹಾಕಲಾಗದು. ‘ನಾಳೆ ಬನ್ನಿ’ ಎನ್ನುವ ಮುನ್ನ ಕಾರಣವನ್ನು ತಿಳಿದುಕೊಳ್ಳುವುದು ನಮ್ಮ ಕರ್ತವ್ಯ.