ನಿಲ್ಲಲರಿಯದ ಪ್ರಶ್ನೆ

(ಬಾನುಲಿ ಭಾಷಣ)



ಕನ್ನಡ ಎಂ.ಎ. ಓದಿ, ಕಾಲೇಜಿನಲ್ಲಿ ವ್ಯಾಕರಣ, ಛಂದಸ್ಸುಗಳನ್ನು ಹೇಳಿ ನಿವೃತ್ತನಾದ ನನಗೆ ಕಂಪ್ಯೂಟರಿನ ಮಾತೇಕೆ ಎಂದು ತಾವು ಕೇಳಬಹುದು. ನಾನಿರುವುದು ಆನೇಕಲ್ಲಿನಲ್ಲಿ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಗಲ್ಲಿಟ್ಟಿತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲೂ ಕಾರ್ಖಾನೆಗಳೆದ್ದವು. ರಾಗಿ ಬೆಳೆಯುತ್ತಿದ್ದ ಮನೆಗಳ ಮಕ್ಕಳು ರಾತ್ರಿ ಪಾಳಿಗೆ ಹೊರಡುವಂತಾಯಿತು. ನನ್ನ ತಮ್ಮನ ಮಗಳೂ ಅಂಥ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದಾಳೆ. ಅವಳಿಂದ ನಾನು ಕಲಿತ ಪಾಠವೊಂದನ್ನು ತಮ್ಮ ಮುಂದಿಡುತ್ತೇನೆ.

ಹೋದ ವರ್ಷ ಆಷಾಢದ ಒಂದು ರಾತ್ರಿ. ಜಡಿಮಳೆ. ರಾತ್ರಿ ಪಾಳಿಯ ಹೆಣ್ಣುಮಕ್ಕಳು ಕಾರ್ಖಾನೆಯ ಬಾಗಿಲಲ್ಲಿ ಕಾರ್ಡು ತೋರಿಸಿದರೆ ಬಾಗಿಲು ತೆರೆಯಲೊಲ್ಲದು. ಒಳಗೆ ಬಿಡಲು ಕಾವಲಿನವರಿಗೆ ಅಧಿಕಾರವಿಲ್ಲ. ಅವರೆಲ್ಲ ಒಂದು ಗಂಟೆಗೂ ಹೆಚ್ಚು ಹೊತ್ತು ತೊಯ್ದು ನಿಂತರು. ತಡವಾಗಿ ಬಂದರೆಂದು ಮರುದಿನ ಅರ್ಧ ದಿನದ ಸಂಬಳವೂ ಕಡಿತವಾಯಿತು.

ಇಂಥ ಸ್ಥಳಗಳಲ್ಲಿ ‘ಡೈರೆಕ್ಟರಿ ಸರ್ವರ್’ ಎಂಬ ಯಂತ್ರವಿರುತ್ತದೆ. ಹಿಂದಿನ ಶಾನುಭೋಗರ ದಫ್ತರದಂತೆ ಯಾರ ಹೆಸರೇನು, ಯಾರು ಯಾವ ಗುಂಪಿಗೆ ಸೇರಿದವರು ಎಂಬುದೆಲ್ಲ ಅದರಲ್ಲಿ ದಾಖಲು. ಇದನ್ನು ಪ್ರಶ್ನಿಸುವ ಕ್ರಮಕ್ಕೆ ಎಲ್‌ಡಿಎಪಿ ಎಂದು ಹೆಸರು. 1993ರ ಸುಮಾರಿಗೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು. ಬಾಗಿಲು ಕೇಳುತ್ತದೆ: ‘ಇವಳನ್ನು ಬಿಡಬಹುದೆ?’ ದಫ್ತರ ಉತ್ತರ ಹೇಳುತ್ತದೆ. ಆ ರಾತ್ರಿ ಉತ್ತರ ಹೇಳಬೇಕಾದ ಯಂತ್ರವೇ ಕುಸಿದುಬಿದ್ದಿತ್ತು. ಮತ್ತೆ ಎಬ್ಬಿಸಿದರೆ, ರಾತ್ರಿ ಪಾಳಿಯ ಮೊದಲ ಕಾರ್ಡಿಗೇ ಮತ್ತೆ ಕುಸಿಯುತ್ತಿತ್ತು. ಹೊರಗಿನವರಾರೋ ಕನ್ನ ಹಾಕಿದ್ದಾರೆಂದು ಕೆಲವರು, ಯಂತ್ರ ಹಳತಾಯಿತೆಂದು ಕೆಲವರು ವಾದಿಸಿದರು.

“ದೊಡ್ಡಪ್ಪ, ಎಲ್ಲರೂ ಕಳ್ಳನನ್ನು ಹುಡುಕ್ತಿದ್ರು. ಯಂತ್ರ ಸಾಯೋ ಹೊತ್ತಿಗೆ ಏನು ಮಾಡ್ತಿತ್ತು ಅಂತ ನಾನು ನೋಡಿದೆ, ಅಷ್ಟೆ” ಎಂದಳು ಹುಡುಗಿ.

ಪ್ರೋಗ್ರಾಮು ಕುಸಿದ ಗಳಿಗೆಯಲ್ಲಿ ಅದರ ನೆನಪಿನ ಪಡಿಯಚ್ಚೊಂದನ್ನು ಉಳಿಸಿಕೊಳ್ಳಬಹುದಂತೆ. ಅದನ್ನು ತೆರೆದಾಗ ಒಂದೇ ಕ್ರಿಯೆಯ ಹೆಸರು ಸಾಲುಸಾಲಾಗಿ, ಸಾವಿರಾರು ಸಲ ಬರೆದಿತ್ತು. ನನಗೆ ನನ್ನ ಮೇಜು ನೆನಪಾಯಿತು. ಒಂದು ಪದ್ಯದ ಅರ್ಥಕ್ಕಾಗಿ ಪುಸ್ತಕವನ್ನು ತೆರೆದಿಟ್ಟು, ಅದರ ಮೇಲೆ ಟೀಕೆಯನ್ನು, ಟೀಕೆಯ ಮೇಲೆ ನಿಘಂಟನ್ನು ತೆರೆದಿಡುತ್ತೇವೆ. ನಿಘಂಟಿನಿಂದ ಉತ್ತರ ದೊರೆತರೆ ಒಂದೊಂದಾಗಿ ಮುಚ್ಚುತ್ತ ಪದ್ಯಕ್ಕೆ ಮರಳುತ್ತೇವೆ. ನಿಘಂಟೇ ‘ಪದ್ಯವನ್ನು ನೋಡಿ’ ಎಂದರೆ? ಪುಸ್ತಕದ ಮೇಲೆ ಪುಸ್ತಕ ಏರಿ ಮೇಜು ಮುರಿಯಬೇಕು. ಯಂತ್ರದ ಈ ಮೇಜಿಗೆ ‘ಸ್ಟ್ಯಾಕ್’ ಎನ್ನುತ್ತಾರೆ. ಲಿನಕ್ಸಿನಲ್ಲಿ ಅದರ ರೂಢಿಯ ಅಳತೆ 8 ಮೆಗಾಬೈಟು. ಅದು ತುಂಬಿದೊಡನೆ ಪ್ರೋಗ್ರಾಮು ಸಾಯುತ್ತದೆ.

ಮೂಲ ಸಿಕ್ಕಿತು. ‘ರಾತ್ರಿ ಪಾಳಿ’ಯ ಗುಂಪು ಮೊದಲೇ ‘ದುರಸ್ತಿ’ಯ ಗುಂಪಿಗೆ ಸೇರಿತ್ತು. ಆ ಸಂಜೆ ಯಾರೋ ‘ದುರಸ್ತಿ’ಯನ್ನು ‘ರಾತ್ರಿ ಪಾಳಿ’ಗೆ ಸೇರಿಸಿದ್ದರು. ಇದು ಅದರೊಳಗೆ, ಅದು ಇದರೊಳಗೆ! ತಪ್ಪು ದಾಖಲೆಯಲ್ಲೇ ಇದ್ದುದರಿಂದ ಯಂತ್ರವನ್ನು ಎಷ್ಟು ಸಲ ಎಬ್ಬಿಸಿದರೂ ಫಲವಿರಲಿಲ್ಲ. ಬಾಗಿಲಿನ ಪ್ರಶ್ನೆಗಳನ್ನು ತಡೆಹಿಡಿದು ಆ ಒಂದು ಸಾಲನ್ನು ಅಳಿಸಿದಳು, ಬಾಗಿಲು ತೆರೆಯಿತು.

ನಮ್ಮ ತಾರ್ಕಿಕರು ಈ ದೋಷಗಳಿಗೆ ಎಂದೋ ಹೆಸರಿಟ್ಟಿದ್ದಾರೆ. ತನ್ನನ್ನೇ ತಾನು ಆಶ್ರಯಿಸಿದರೆ ಆತ್ಮಾಶ್ರಯ. ಎರಡು ಒಂದನ್ನೊಂದು ಆಶ್ರಯಿಸಿದರೆ ಅನ್ಯೋನ್ಯಾಶ್ರಯ. ಮೂರು ಸುತ್ತಿ ಬಂದರೆ ಚಕ್ರಕ. ಕೊನೆಯೇ ಇಲ್ಲದೆ ಹೋದರೆ ಅನವಸ್ಥೆ. ದಾಖಲೆಯಲ್ಲಿದ್ದುದು ಅನ್ಯೋನ್ಯಾಶ್ರಯ, ಯಂತ್ರವನ್ನು ಕೊಂದದ್ದು ಅನವಸ್ಥೆ. ಹಾಗೆಂದು ಒಂದರೊಳಗೊಂದು ಸೇರುವುದೇ ದೋಷವಲ್ಲ. ಸಮಾಸದೊಳಗೆ ಸಮಾಸವುಂಟು, ಬಿಡಿಸುತ್ತ ಹೋದರೆ ಕೊನೆಗೊಂದು ಪ್ರಕೃತಿ ಸಿಗುತ್ತದೆ. ಅದು ಸಿಗದಿದ್ದಾಗಲೇ ಕೇಡು.

ಶಾಶ್ವತ ಪರಿಹಾರವೂ ಸರಳವೇ. ಪ್ರೋಗ್ರಾಮು ತಾನು ಕೇಳಿ ಬಂದ ಗುಂಪುಗಳ ಹೆಸರನ್ನು ಗುರುತಿಟ್ಟುಕೊಳ್ಳಬೇಕು. ಅದೇ ಹೆಸರು ಮತ್ತೆ ಎದುರಾದರೆ ಹಿಂದಿರುಗಬೇಕು. ಎಷ್ಟು ಆಳಕ್ಕೆ ಇಳಿಯಬಹುದೆಂಬ ಮಿತಿಯೊಂದೂ ಇರಬೇಕು.

ಬಾಗಿಲು ಅದೇ ರಾತ್ರಿ ತೆರೆಯಿತು. ಕಡಿತವಾದ ಸಂಬಳ ಮಾತ್ರ ಬರಲಿಲ್ಲ. ಲೆಕ್ಕಪತ್ರದವರು ‘ಹಾಜರಿಯವರನ್ನು ಕೇಳಿ’ ಎಂದರು; ಹಾಜರಿಯವರು ‘ಮೇಲ್ವಿಚಾರಕರನ್ನು’ ಎಂದರು; ಮೇಲ್ವಿಚಾರಕರು ‘ಲೆಕ್ಕಪತ್ರದವರನ್ನು’ ಎಂದರು. ಚಕ್ರಕ! ಹುಡುಗಿ ಒಂದು ಹಾಳೆಯಲ್ಲಿ ಯಾರನ್ನು ಯಾವ ದಿನ ಕೇಳಿದೆ, ಯಾರು ಎಲ್ಲಿಗೆ ಕಳಿಸಿದರು ಎಂದು ಬರೆದಿಟ್ಟಿದ್ದಳು. ಎರಡನೆಯ ಸಲ ಲೆಕ್ಕಪತ್ರದ ಮೇಜಿಗೆ ಬಂದಾಗ ಏನನ್ನೂ ಕೇಳದೆ ಆ ಹಾಳೆಯನ್ನು ಅವರ ಮುಂದಿಟ್ಟಳು. ಮತ್ತೊಬ್ಬರ ಬಳಿಗೆ ಕಳಿಸಲು ಅವರಿಗೆ ದಾರಿ ಉಳಿದಿರಲಿಲ್ಲ. ಮುಂದಿನ ತಿಂಗಳು ಆ ಹೆಣ್ಣುಮಕ್ಕಳೆಲ್ಲರಿಗೂ ಬಾಕಿ ಸಂದಿತು.

ಆ ಹಾಳೆಯನ್ನು ಅವಳಿಂದ ಕೇಳಿ ಪಡೆದು, ನನ್ನ ನಿಘಂಟಿನೊಳಗೆ ಇಟ್ಟುಕೊಂಡಿದ್ದೇನೆ.